ಮೃತ್ಯುಪತ್ರವೂ ನ್ಯಾಯಾಲಯವೂ

ಈ ಸಂಪುಟಕ್ಕೆ ಒಂದು ಲೇಖನವನ್ನು ಒದಗಿಸಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ನಾನು ಷಟ್ಪದಿಯ ಲಕ್ಷಣವನ್ನೋ ಹಳಗನ್ನಡದ ವಿಭಕ್ತಿ ಪ್ರತ್ಯಯಗಳನ್ನೋ ಕುರಿತು ಬರೆಯುವೆನೆಂದು ಅವರು ಭಾವಿಸಿದ್ದರು. ವೃತ್ತಿಗೆ ಒಪ್ಪುವುದೂ ಅದೇ. ಆದರೆ ಈಚಿನ ಕೆಲವು ವರ್ಷಗಳಿಂದ ಸಹೋದ್ಯೋಗಿಗಳೂ ಹಳೆಯ ವಿದ್ಯಾರ್ಥಿಗಳೂ ನನ್ನ ಮನೆಯ ಬಾಗಿಲಿಗೆ ಬರುವುದು ವ್ಯಾಕರಣದ ಸಂದೇಹ ಪರಿಹಾರಕ್ಕಾಗಿ ಅಲ್ಲ. ‘ಪಂಡಿತರೇ, ತಾವು ಉಯಿಲಿನ ದಾವೆ ನಡೆಸಿದವರು, ತಂದೆಯವರು ತೀರಿಕೊಂಡಿದ್ದಾರೆ, ಪೆಟ್ಟಿಗೆಯಲ್ಲಿ ಕಾಗದವೊಂದು ಸಿಕ್ಕಿದೆ, ಮುಂದೇನು ಮಾಡಬೇಕು?’ ಎಂದು ಕೇಳಲು ಬರುತ್ತಾರೆ. ನಾನು ನ್ಯಾಯಶಾಸ್ತ್ರವನ್ನು ಓದಿದವನಲ್ಲ. ಒಂದು ಮೃತ್ಯುಪತ್ರವನ್ನು ನನ್ನ ಕೈಯಿಂದಲೇ ಬರೆದು, ಏಳು ವರ್ಷಗಳ ತರುವಾಯ ಅದನ್ನು ನ್ಯಾಯಾಲಯದಲ್ಲಿ ಸಿದ್ಧಪಡಿಸುವ ಹೊಣೆಯನ್ನೂ ಹೊತ್ತು, ಮೂರು ವರ್ಷಕ್ಕೂ ಮೇಲ್ಪಟ್ಟು ನಮ್ಮ ಜಿಲ್ಲಾ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿಳಿದವನು. ಆ ಅನುಭವದಲ್ಲಿ ನನ್ನ ತಪ್ಪೂ ಸೇರಿದೆ. ಆದುದರಿಂದ ಈ ವಿಷಯವನ್ನು ಬರೆಯಲು ಅಷ್ಟಿಷ್ಟು ಅಧಿಕಾರವಿದೆಯೆಂದು ಭಾವಿಸಿದ್ದೇನೆ.

ನನ್ನ ಸೋದರಮಾವನವರು 2018ರ ಶ್ರಾವಣದಲ್ಲಿ ಲಿಂಗೈಕ್ಯರಾದರು. ಅವರು ಸ್ವಂತ ದುಡಿಮೆಯಿಂದ ಕಟ್ಟಿಸಿದ ಒಂದು ಮನೆ, ಹಿತ್ತಿಲು, ಒಂದೆರಡು ಕಡೆ ಇಟ್ಟಿದ್ದ ಠೇವಣಿ, ಒಂದು ಕಪಾಟಿನ ತುಂಬ ಗ್ರಂಥಗಳು, ಇಷ್ಟು ಅವರ ಆಸ್ತಿ. ಹಿಂದೆ ಉಳಿದವರು ಅತ್ತೆಯವರು, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. 2011ರಲ್ಲಿ ಒಂದು ದಿನ ನನ್ನನ್ನು ಕರೆಸಿ ಕೂಡ್ರಿಸಿಕೊಂಡು, ‘ಮನಿ ಅಕಿಗೆ. ಅಷ್ಟ ಬರಿಯಪ್ಪಾ’ ಎಂದು ಹೇಳಿದ್ದರು. ತಮ್ಮ ನಂತರ ಅತ್ತೆಯವರು ಯಾರ ಹಂಗಿನಲ್ಲಿಯೂ ಬಾಳಬಾರದೆಂಬುದು ಅವರ ಮನಸ್ಸು. ನಾನು ವಿದ್ವತ್ ಪದವೀಧರ. ಎರಡು ಮಾತಿಗೆ ಲೇಖನಿ ನಿಲ್ಲುವುದುಂಟೇ? ‘ನನ್ನ ಸ್ವಯಾರ್ಜಿತವಾದ ವಾಸದ ಗೃಹವನ್ನು ನನ್ನ ಧರ್ಮಪತ್ನಿಯು ಯಾವಜ್ಜೀವ ಸುಖದಿಂದ ಅನುಭವಿಸಿಕೊಂಡು ಬರತಕ್ಕದ್ದು’ ಎಂದು ಬರೆದೆ. ಠೇವಣಿಯ ಹಣ ಮಕ್ಕಳು ಮೂವರಿಗೆ ಸಮಭಾಗ, ಗ್ರಂಥಗಳು ನನಗೆ. ಕೊನೆಯಲ್ಲಿ ‘ಮೇಲ್ಕಂಡ ಸಕಲವನ್ನೂ ನನ್ನ ಸೋದರಳಿಯನು ನಿಂತು ನೆರವೇರಿಸತಕ್ಕದ್ದು’ ಎಂದು ಸೇರಿಸಿದೆ. ನೆರೆಯ ಇಬ್ಬರು ಹಿರಿಯರು ಸಾಕ್ಷಿ ಹಾಕಿದರು. ನಾನು ಕೆಳಗೆ ‘ಬಿಕ್ಕಲಂ’ ಎಂದು ಬರೆದು ಸಹಿ ಮಾಡಿದೆ. ಬರವಣಿಗೆಯನ್ನು ಓದಿ ನಾನೇ ಮೆಚ್ಚಿಕೊಂಡದ್ದು ನೆನಪಿದೆ.

ಉತ್ತರ ಭಾಗದ ನಾವು ಇದನ್ನು ಮೃತ್ಯುಪತ್ರವೆನ್ನುತ್ತೇವೆ. ಹಳೆಯ ಮೈಸೂರಿನವರು ಉಯಿಲು ಎನ್ನುತ್ತಾರೆ. ಎರಡನೆಯದು ಇಂಗ್ಲಿಷಿನ ‘ವಿಲ್’ ಕನ್ನಡದ ನಾಲಗೆಯಲ್ಲಿ ತಳೆದ ರೂಪ. ಮಾತು ಹೊರಗಿನದಾದುದು ಆಕಸ್ಮಿಕವಲ್ಲ, ಪದ್ಧತಿಯೂ ಹೊರಗಿನದೇ. ನಮ್ಮ ಧರ್ಮಶಾಸ್ತ್ರಗಳಲ್ಲಿ ದಾನವುಂಟು, ದಾಯವಿಭಾಗವುಂಟು; ಸತ್ತ ಮೇಲೆ ಜಾರಿಗೆ ಬರುವ ಇಂಥ ಪತ್ರದ ವಿಧಿಯಿಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದಲ್ಲಿ, ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಹುಟ್ಟಿನಿಂದ ಬಂದ ಹಕ್ಕನ್ನು ತಂದೆಯು ಸಾಯುವಾಗ ಬರೆದು ತಪ್ಪಿಸುವುದೆಂತು? ಆದುದರಿಂದ ಅಂಥ ಪತ್ರಕ್ಕೆ ಅಲ್ಲಿ ಸ್ಥಳವೇ ಇರಲಿಲ್ಲ. 1870ರಲ್ಲಿ ಹಿಂದೂ ಉಯಿಲುಗಳ ಕಾಯಿದೆ ಬಂದಿತು. ಅನಂತರ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಇಂದಿಗೂ ನ್ಯಾಯಾಲಯವು ಹಿಡಿದು ಓದುವುದು ಇದನ್ನೇ. ಉಯಿಲಿಲ್ಲದೆ ತೀರಿಕೊಂಡವರ ಆಸ್ತಿ ಯಾರಿಗೆಂಬುದನ್ನು ಹೇಳುವುದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆ. ಅದರ ಎರಡನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳು ಸ್ಪಷ್ಟವಾಗಿ ಇವೆ. ತಮಗೆ ಆ ಕಾಯಿದೆ ಅನ್ವಯಿಸುವುದೋ ಇಲ್ಲವೋ ಎಂದು ಕೇಳುವ ನಮ್ಮವರು ಇದನ್ನು ಗಮನಿಸಬೇಕು. ಅದರಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಇವರು ಮೊದಲ ವರ್ಗದ ವಾರಸುದಾರರಾಗಿ ಒಟ್ಟಿಗೆ ಸಮಪಾಲು ಪಡೆಯುತ್ತಾರೆ. 2005ರ ತಿದ್ದುಪಡಿಯ ಮೇಲೆ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿಯೂ ಹುಟ್ಟಿನಿಂದಲೇ ಸಮಹಕ್ಕು. ಕರ್ನಾಟಕವು ಇಂಥ ತಿದ್ದುಪಡಿಯನ್ನು 1994ರಲ್ಲಿಯೇ ಮಾಡಿತ್ತು. ಪಿತ್ರಾರ್ಜಿತದಲ್ಲಿ ತನ್ನ ಪಾಲಿಗೆ ಬರುವಷ್ಟನ್ನು ಮಾತ್ರ ಒಬ್ಬನು ಉಯಿಲಿನಲ್ಲಿ ಬರೆಯಬಲ್ಲನು. ‘ಹೊಲವೆಲ್ಲ ಇಂಥವನಿಗೆ’ ಎಂದು ಬರೆದಿಟ್ಟ ಎಷ್ಟೋ ಪತ್ರಗಳು ಅಷ್ಟರಮಟ್ಟಿಗೆ ನಿಷ್ಫಲ.

ಜನರನ್ನು ಹೆಚ್ಚಾಗಿ ಗೊಂದಲಕ್ಕೆ ಈಡುಮಾಡುವುದು ಕಾಗದಗಳ ಹೆಸರು. ಕಂದಾಯ ಇಲಾಖೆಯಿಂದ ಪಡೆಯುವ ವಂಶವೃಕ್ಷ ಬೇರೆ. ಅದರ ಆಧಾರದ ಮೇಲೆ ಜಮೀನಿನ ಪಹಣಿಯಲ್ಲಿ ಹೆಸರು ಬದಲಾಯಿಸುವ ಪೌತಿ ಖಾತೆ ಬೇರೆ. ಖಾತೆ ಬದಲಾದ ಮಾತ್ರಕ್ಕೆ ಒಡೆತನ ಸಿದ್ಧವಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಹಲವು ಸಾರಿ ಹೇಳಿದೆ. ಉಯಿಲಿಲ್ಲದೆ ತೀರಿಕೊಂಡವರ ಬ್ಯಾಂಕಿನ ಠೇವಣಿ, ಷೇರು, ಬರಬೇಕಾದ ಸಾಲ, ಇವನ್ನು ವಸೂಲು ಮಾಡಲು ನ್ಯಾಯಾಲಯ ಕೊಡುವುದು ಉತ್ತರಾಧಿಕಾರ ಪ್ರಮಾಣಪತ್ರ. ರೂಢಿಯಲ್ಲಿ ಸಕ್ಸೆಷನ್ ಸರ್ಟಿಫಿಕೇಟು. ಅದು ಸಾಲ ಮತ್ತು ಭದ್ರತಾಪತ್ರಗಳಿಗೆ ಮಾತ್ರ. ಮನೆ ಹೊಲಗಳಿಗೆ ನಡೆಯದು. ಅದನ್ನು ನಂಬಿ ಹಣ ಕೊಟ್ಟವನಿಗೆ ಕಾಯಿದೆಯ ರಕ್ಷಣೆಯಿದೆ, ಆದುದರಿಂದಲೇ ಬ್ಯಾಂಕುಗಳು ಅದನ್ನು ಕೇಳುವುದು. ನಾಮಿನಿಯ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬ್ಯಾಂಕಿನ ಠೇವಣಿಗಾಗಲಿ ಷೇರಿಗಾಗಲಿ ನಾಮಿನಿಯಾದವನು ಹಣವನ್ನು ಕೈಗೆ ತೆಗೆದುಕೊಳ್ಳಲು ಅಧಿಕಾರವುಳ್ಳವನೇ ಹೊರತು ಅದರ ಒಡೆಯನಲ್ಲ. ಷೇರುಗಳ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2023ರ ಡಿಸೆಂಬರಿನಲ್ಲಿ ಇದನ್ನು ಮತ್ತೊಮ್ಮೆ ನಿರ್ಣಯಿಸಿತು. ಅಣ್ಣನು ನಾಮಿನಿಯೆಂದು ತಮ್ಮಂದಿರು ಸುಮ್ಮನಾದ ಮನೆಗಳನ್ನು ನಾನು ಬಲ್ಲೆ.

ಉಯಿಲಿದ್ದರೆ ಪ್ರೊಬೇಟು. ಇದರ ಮೂಲ ಲ್ಯಾಟಿನ್ನಿನ ‘ಪ್ರೊಬಾರೆ’, ಪರೀಕ್ಷಿಸಿ ಸಿದ್ಧಪಡಿಸುವುದು ಎಂದರ್ಥ. ಈ ಉಯಿಲು ಮೃತನದೇ, ವಿಧಿವತ್ತಾಗಿ ಬರೆದದ್ದೇ ಎಂದು ನ್ಯಾಯಾಲಯವು ಪರೀಕ್ಷಿಸಿ, ತನ್ನ ಮೊಹರಿನೊಡನೆ ಉಯಿಲಿನ ನಕಲನ್ನು ಲಗತ್ತಿಸಿ ಕೊಡುವ ಪತ್ರವೇ ಅದು. ಉಯಿಲಿನಲ್ಲಿ ನೇಮಿತನಾದ ಎಕ್ಸಿಕ್ಯೂಟರನಿಗೆ ಮಾತ್ರ ಇದು ದೊರೆಯುತ್ತದೆ. ಯಾರನ್ನೂ ನೇಮಿಸದಿದ್ದರೆ ಫಲಾನುಭವಿಯಾದವರು ಉಯಿಲು ಲಗತ್ತಿಸಿದ ಆಡಳಿತ ಪತ್ರವನ್ನು ಕೇಳಬೇಕು. ಎಕ್ಸಿಕ್ಯೂಟರ್ ಎಂಬುದನ್ನು ಕನ್ನಡದಲ್ಲಿ ನಿರ್ವಾಹಕ ಎಂದು ಅನುವಾದಿಸುವವರಿದ್ದಾರೆ. ಆ ಮಾತು ಕಿವಿಗೆ ಬಿದ್ದೊಡನೆ ಬಸ್ಸಿನ ಟಿಕೇಟು ನೆನಪಾಗುವುದರಿಂದ ನಾನು ಮೂಲವನ್ನೇ ಉಳಿಸಿಕೊಂಡಿದ್ದೇನೆ.

ಹಿಂದೂಗಳಿಗೆ ಪ್ರೊಬೇಟು ಕಡ್ಡಾಯವಾಗಿದ್ದುದು ಮುಂಬಯಿ, ಮದರಾಸು ನಗರಗಳು ಮತ್ತು ಹಳೆಯ ಬಂಗಾಲ ಪ್ರಾಂತಕ್ಕೆ ಸಂಬಂಧಿಸಿದ ಉಯಿಲುಗಳಿಗೆ. 2025ರ ಡಿಸೆಂಬರಿನಲ್ಲಿ ಸಂಸತ್ತು ಆ ಕಡ್ಡಾಯದ 213ನೆಯ ಕಲಮನ್ನೇ ತೆಗೆದುಹಾಕಿತು. ನಮ್ಮ ಕಡೆ ಅದು ಮೊದಲಿನಿಂದಲೂ ಐಚ್ಛಿಕ. ಹಾಗಾದರೆ ನಾವೇಕೆ ಹೋದೆವು? ಠೇವಣಿಯಿದ್ದ ಒಂದು ಸಂಸ್ಥೆಯವರು ನ್ಯಾಯಾಲಯದ ಕಾಗದವಿಲ್ಲದೆ ಹಣವನ್ನು ಕೊಡಲಾರೆವೆಂದರು. ಅದಕ್ಕಿಂತ ಮುಖ್ಯವಾಗಿ, ಮಾವನ ಮಗನು ಊರಿನಲ್ಲಿ ‘ಆ ಪತ್ರ ಅಪ್ಪನದಲ್ಲ’ ಎಂದು ಹೇಳತೊಡಗಿದ್ದ. ಪ್ರೊಬೇಟಿನ ತೀರ್ಪು ಎದುರಿಗೆ ನಿಂತವರಿಗೆ ಮಾತ್ರವಲ್ಲ, ಸರ್ವರಿಗೂ ಬದ್ಧವೆಂದು ವಕೀಲರು ತಿಳಿಸಿದರು. ಒಮ್ಮೆ ಸಿದ್ಧವಾಗಲಿ ಎಂದು ಅತ್ತೆಯವರು ಒಪ್ಪಿದರು.

ಈಗ ಕಾಗದಗಳ ವಿಚಾರ. ಎಲ್ಲಕ್ಕೂ ಮೊದಲು ಮರಣ ಪ್ರಮಾಣಪತ್ರ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಶೋಕದಲ್ಲಿ ಮರೆತವರು ತರುವಾಯ ಬಹಳ ಅಲೆಯುತ್ತಾರೆ. ಎರಡನೆಯದು ಉಯಿಲಿನ ಮೂಲಪ್ರತಿ. ಝೆರಾಕ್ಸು ಸಾಲದು. ಉಯಿಲಿಗೆ ಛಾಪಾ ಕಾಗದ ಬೇಕೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಬೇಕಿಲ್ಲ, ಬಿಳಿಯ ಹಾಳೆ ಸಾಕು. ನೋಂದಣಿಯೂ ಕಡ್ಡಾಯವಲ್ಲ. ಆದರೂ ಸಬ್ ರಿಜಿಸ್ಟ್ರಾರರ ಕಚೇರಿಯಲ್ಲಿ ನೋಂದಾಯಿಸುವುದಾಗಲಿ, ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ರಿಜಿಸ್ಟ್ರಾರರಲ್ಲಿ ಇಡುವುದಾಗಲಿ ಮಾಡಿದರೆ ಪತ್ರ ಕಳೆಯುವ ಭಯವಿಲ್ಲ. ನಮ್ಮ ಮಾವನವರದು ನೋಂದಾಯಿಸಿದ್ದಲ್ಲ. ದೇವರ ಜಗಲಿಯ ಕೆಳಗಿನ ಪೆಟ್ಟಿಗೆಯಲ್ಲಿತ್ತು.

ಅರ್ಜಿಯಲ್ಲಿ ಇರಬೇಕಾದುದನ್ನು 276ನೆಯ ಕಲಮು ಹೇಳುತ್ತದೆ: ಮರಣದ ಕಾಲ, ಲಗತ್ತಿಸಿದ ಪತ್ರವೇ ಮೃತನ ಕಡೆಯ ಉಯಿಲೆಂಬುದು, ಅದು ವಿಧಿವತ್ತಾಗಿ ಬರೆದದ್ದೆಂಬುದು, ಅರ್ಜಿದಾರನ ಕೈಗೆ ಬರಬಹುದಾದ ಸ್ವತ್ತಿನ ಮೊತ್ತ, ಅರ್ಜಿದಾರನು ಉಯಿಲಿನಲ್ಲಿ ಹೆಸರಿಸಿದ ಎಕ್ಸಿಕ್ಯೂಟರನೆಂಬುದು. ಮೃತನ ವಾಸಸ್ಥಳ ಅಥವಾ ಸ್ವತ್ತು ಯಾವ ಜಿಲ್ಲಾ ನ್ಯಾಯಾಧೀಶರ ವ್ಯಾಪ್ತಿಯಲ್ಲಿರುವುದೋ ಅಲ್ಲಿ ಸಲ್ಲಿಸಬೇಕು. ಇಂಗ್ಲಿಷಿನಲ್ಲಿ ಅಥವಾ ನ್ಯಾಯಾಲಯದ ರೂಢಿಯ ಭಾಷೆಯಲ್ಲಿ ಬರೆಯಬಹುದೆಂದು ಕಾಯಿದೆಯೇ ಹೇಳುವುದರಿಂದ ಕನ್ನಡದಲ್ಲಿಯೇ ಬರೆಯಿರೆಂದು ನಾನು ಹಟಹಿಡಿದೆ; ವಕೀಲರು ನಕ್ಕು, ‘ಬರೆಯೋಣ, ಆದರೆ ಈ ಸಾರಿ ನಾನು ಬರೆಯುತ್ತೇನೆ’ ಎಂದರು. ಆ ನಗೆಯ ಅರ್ಥ ನನಗೆ ಅಂದು ಆಗಲಿಲ್ಲ. ಶುಲ್ಕವನ್ನು 1958ರ ಕರ್ನಾಟಕ ಕೋರ್ಟು ಶುಲ್ಕದ ಕಾಯಿದೆಯಂತೆ ಸ್ವತ್ತಿನ ಮೌಲ್ಯದ ಮೇಲೆ ಕಟ್ಟಬೇಕು. ಅವಧಿಯ ವಿಷಯವನ್ನೂ ಮರೆಯಬಾರದು. ಅರ್ಜಿ ಸಲ್ಲಿಸುವ ಹಕ್ಕು ಉಂಟಾದಂದಿನಿಂದ ಮೂರು ವರ್ಷವೆಂಬ ಕಾಲಮಿತಿ ಇದಕ್ಕೂ ಅನ್ವಯಿಸುವುದೆಂದು 2008ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ.

ಹೆಸರಿನ ಕಾಟ ಬೇರೆ. ಮಾವನವರ ಹೆಸರಿನ ಪೂರ್ವಾರ್ಧ ಠೇವಣಿಯ ರಸೀದಿಯಲ್ಲಿ ‘ಚನ್ನ’, ಮರಣ ಪ್ರಮಾಣಪತ್ರದಲ್ಲಿ ‘ಚೆನ್ನ’. ಎರಡನೆಯದೇ ಸಾಧುರೂಪವೆಂದು ನಾನು ಉಪನ್ಯಾಸವನ್ನೇ ಆರಂಭಿಸಿದ್ದೆ. ಸಾಧುವೋ ಅಸಾಧುವೋ, ಎರಡೂ ಒಬ್ಬನೇ ವ್ಯಕ್ತಿಯೆಂದು ಪ್ರಮಾಣ ಮಾಡಿದ ಅಫಿಡವಿಟ್ಟು ಬೇಕಾಯಿತು.

2019ರ ಜನವರಿಯಲ್ಲಿ ಅರ್ಜಿಯನ್ನು ದಾಖಲಿಸಿದೆವು. ವಕೀಲರು ಪತ್ರವನ್ನು ಓದಿದಾಗ ಕೇಳಿದ ಮೊದಲ ಪ್ರಶ್ನೆ, ‘ನಿಮಗೇನಾದರೂ ಬರೆದಿದ್ದಾರೆಯೇ?’ ಎಂಬುದು. ನನಗೆ ಸಿಟ್ಟು ಬಂದಿತು. ಗ್ರಂಥಗಳೆಂದೆ. ಅವರು ಸಮಾಧಾನದಿಂದ ಮೈಸೂರಿನ ಒಂದು ಹಳೆಯ ವ್ಯಾಜ್ಯವನ್ನು ತಿಳಿಸಿದರು: ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಜಮ್ಮ, 1959ರ ವರದಿ. ಉಯಿಲನ್ನು ಮುಂದೆ ತಂದವನೇ ಅದರ ರಚನೆಯಲ್ಲಿ ಪ್ರಧಾನ ಪಾತ್ರ ವಹಿಸಿ, ಅವನ ಮಕ್ಕಳಿಗೆ ಗಣ್ಯ ಲಾಭವೂ ಇದ್ದರೆ ಸಂದೇಹ ಸಹಜ. ಆ ಸಂದೇಹವನ್ನು ನಿವಾರಿಸುವ ಭಾರ ಅವನದೇ ಎಂದು ನ್ಯಾಯಮೂರ್ತಿ ಗಜೇಂದ್ರಗಡಕರ್ ಅವರು ಅದರಲ್ಲಿ ವಿಧಿಸಿದ್ದಾರೆ. ಇಂದಿಗೂ ಉಯಿಲಿನ ವ್ಯಾಜ್ಯಗಳಲ್ಲಿ ಆ ತೀರ್ಪನ್ನು ಉಲ್ಲೇಖಿಸುತ್ತಾರಂತೆ. ಬರೆದವನೂ ನಾನೇ, ನೆರವೇರಿಸುವವನೂ ನಾನೇ, ಪುಸ್ತಕ ಪಡೆಯುವವನೂ ನಾನೇ! ಸಿಟ್ಟು ಇಳಿಯಿತು. ಎಕ್ಸಿಕ್ಯೂಟರ್ ಎಂಬ ಪದವನ್ನು ನಾನು ಬಳಸಿರಲಿಲ್ಲ. ‘ನಿಂತು ನೆರವೇರಿಸತಕ್ಕದ್ದು’ ಎಂಬ ಮಾತಿನಿಂದ ನೇಮಕ ಅರ್ಥಾತ್ ಸಿದ್ಧವಾಗುವುದೆಂದು ವಾದಿಸಬೇಕಾಯಿತು. ಕಾಯಿದೆ ಅದಕ್ಕೆ ಎಡೆ ಕೊಟ್ಟಿದೆ. ನೇರವಾಗಿ ಬರೆದಿದ್ದರೆ ವಾದವೇ ಬೇಕಿರಲಿಲ್ಲ.

ನ್ಯಾಯಾಲಯವು ಹತ್ತಿರದ ಬಂಧುಗಳಿಗೆ ನೋಟೀಸು ಕಳುಹಿಸಿತು; ಹಿತಾಸಕ್ತಿಯುಳ್ಳವರು ಬಂದು ನೋಡಬಹುದೆಂಬ ಪ್ರಕಟಣೆಯನ್ನು ನ್ಯಾಯಾಲಯದ ಗೋಡೆಗೆ ಅಂಟಿಸಿದರು, ದಿನಪತ್ರಿಕೆಯಲ್ಲಿ ಹಾಕಿಸಿದೆವು. ಯಾರೂ ಬಾರದಿದ್ದರೆ ಕೆಲಸ ಸುಲಭ. ಮಾವನ ಮಗ ತಕರಾರು ಸಲ್ಲಿಸಿದ. ತಕರಾರು ಬಂದೊಡನೆ ಅರ್ಜಿಯು ದಾವೆಯ ರೂಪ ತಾಳುತ್ತದೆ. ಅವನ ತಕರಾರಿನ ಮುಖ್ಯ ವಾಕ್ಯವನ್ನು ನಾನು ಮರೆಯಲಾರೆ: ‘ನಮ್ಮ ತಂದೆಯವರಿಗೆ ಇಂಥ ಕನ್ನಡ ಬರುತ್ತಿರಲಿಲ್ಲ.’

ಸಾಕ್ಷಿಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಉಯಿಲಿನ ಪ್ರಾಣ ಇರುವುದು ಅಲ್ಲಿ. ಸಾಕ್ಷಾತ್ ಕಂಡವನು ಎಂಬ ಅರ್ಥದಲ್ಲಿ ಪಾಣಿನಿಯು ಸಾಕ್ಷಿ ಶಬ್ದವನ್ನು ಸಾಧಿಸುತ್ತಾನೆ. 63ನೆಯ ಕಲಮು ಹೇಳುವುದೂ ಇದನ್ನೇ. ಇಬ್ಬರು ಅಥವಾ ಹೆಚ್ಚು ಮಂದಿ ಸಾಕ್ಷಿಗಳು, ಬರೆಯಿಸಿದವನು ಸಹಿ ಮಾಡಿದುದನ್ನು ಕಂಡಿರಬೇಕು, ಇಲ್ಲವೆ ಅದು ತನ್ನ ಸಹಿಯೆಂದು ಅವನೇ ಒಪ್ಪಿಕೊಂಡುದನ್ನು ಕೇಳಿರಬೇಕು. ತಾವೂ ಅವನ ಸಮ್ಮುಖದಲ್ಲಿಯೇ ಸಹಿ ಮಾಡಬೇಕು. ಸಾಕ್ಷಿಗಳಿಬ್ಬರೂ ಏಕಕಾಲದಲ್ಲಿ ಇರಲೇಬೇಕೆಂದಿಲ್ಲ. ಬದುಕಿರುವ ಸಾಕ್ಷಿಗಳಲ್ಲಿ ಒಬ್ಬನನ್ನಾದರೂ ನ್ಯಾಯಾಲಯಕ್ಕೆ ಕರೆತಂದು ನುಡಿಸಬೇಕು. ಅಂದು ಇದು 1872ರ ಸಾಕ್ಷ್ಯ ಕಾಯಿದೆಯ 68ನೆಯ ಕಲಮು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 67ನೆಯದು. ಒಬ್ಬನೇ ನುಡಿದರೂ ಅವನು ಇಬ್ಬರ ಸಹಿಗಳ ಸಂಗತಿಯನ್ನೂ ಸಿದ್ಧಪಡಿಸಬೇಕು.

ನಮ್ಮ ಇಬ್ಬರು ಸಾಕ್ಷಿಗಳಲ್ಲಿ ಒಬ್ಬರು 2016ರಲ್ಲಿಯೇ ತೀರಿಕೊಂಡಿದ್ದರು. ಬಿಕ್ಕಲಂ ಹಾಕಿದ ನಾನು ಮೂರನೆಯ ಸಾಕ್ಷಿಯಾಗುವೆನೆಂದು ನಂಬಿದ್ದೆ. ಬರೆದವನು ಬರೆದವನೇ, ಸಾಕ್ಷಿಯೆಂಬ ಉದ್ದೇಶದಿಂದ ಸಹಿ ಮಾಡದ ಹೊರತು ಸಾಕ್ಷಿಯಲ್ಲವೆಂದು ತಿಳಿಯಿತು. ಉಳಿದವರು ಒಬ್ಬರೇ, ಎಂಬತ್ತರ ಅಂಚಿನವರು, ದೂರದ ಊರಿನಲ್ಲಿ ಮಗನ ಮನೆಯಲ್ಲಿದ್ದರು. 2020ರ ಮಾರ್ಚಿನಲ್ಲಿ ಕೊರೋನಾ ನಿಮಿತ್ತ ನ್ಯಾಯಾಲಯಗಳ ಕಲಾಪ ಕುಗ್ಗಿತು. ತಾರೀಖಿನ ಮೇಲೆ ತಾರೀಖು. ಆ ತಿಂಗಳುಗಳಲ್ಲಿ ನಾನು ವಾರಕ್ಕೊಮ್ಮೆ ಆ ಹಿರಿಯರಿಗೆ ಫೋನು ಮಾಡಿ ಆರೋಗ್ಯವನ್ನು ವಿಚಾರಿಸುತ್ತಿದ್ದೆ. ಪ್ರೀತಿಯಿಂದಲೇ ವಿಚಾರಿಸುತ್ತಿದ್ದೆನೆಂದು ಹೇಳಿದರೆ ಅದು ಪೂರ್ಣ ಸತ್ಯವಾಗಲಾರದು.

2021ರ ಕೊನೆಯಲ್ಲಿ ಅವರು ಕಟಕಟೆಗೆ ಬಂದರು. ಸಹಿಗಳ ವಿಷಯವನ್ನು ನಿಸ್ಸಂದಿಗ್ಧವಾಗಿ ಹೇಳಿದರು: ಮಾವನವರು ಮೊದಲು, ಅನಂತರ ತೀರಿಕೊಂಡ ಹಿರಿಯರು, ಅನಂತರ ತಾವು, ಮೂವರೂ ಒಂದೇ ಚಾಪೆಯ ಮೇಲೆ. ಪಾಟೀಸವಾಲಿನಲ್ಲಿ ಎದುರಿನ ವಕೀಲರು ಕೇಳಿದರು: ‘ಈ ಪತ್ರದ ಒಕ್ಕಣೆ ಮೃತರಿಗೆ ತಿಳಿದಿತ್ತೇ?’ ‘ಪಂಡಿತರು ಓದಿ ಹೇಳಿದರ್ರೀ. ಅರ್ಧ ನನಗs ತಿಳೀಲಿಲ್ಲ’ ಎಂದರು. ನ್ಯಾಯಾಲಯದಲ್ಲಿ ನಗೆ. ನಾನು ತಲೆ ತಗ್ಗಿಸಿದೆ. ಬರೆಯಿಸಿದವನು ಒಕ್ಕಣೆಯನ್ನು ಅರಿತು ಒಪ್ಪಿದನೆಂಬುದು ಸಿದ್ಧವಾಗದಿದ್ದರೆ ಉಯಿಲು ನಿಲ್ಲದು. ಹಿರಿಯರು ನಗೆ ಅಡಗುವವರೆಗೆ ಕಾದು ಮುಂದುವರಿಸಿದರು: ‘ಆದರ ಸಹಿ ಮಾಡೂ ಮುಂದ ಅವರು ನಮಗ ಹೇಳಿದ್ರು, ಮನಿ ಅಕಿಗೆ, ರೊಕ್ಕ ಹುಡುಗರಿಗೆ, ಪುಸ್ತಕ ಇವಗ ಅಂತ. ಅದಕ್ಕ ನಾ ಸಹಿ ಮಾಡೀನಿ.’ ಪತ್ರವನ್ನು ಉಳಿಸಿದುದು ನನ್ನ ವಾಕ್ಯವಲ್ಲ, ಮಾವನ ಮಾತು.

2022ರ ಮಾರ್ಚಿನಲ್ಲಿ ಪ್ರೊಬೇಟು ದೊರೆಯಿತು. ಮೂಲ ಉಯಿಲು ನ್ಯಾಯಾಲಯದ ದಾಖಲೆಯಲ್ಲಿಯೇ ಉಳಿಯುತ್ತದೆ, ಮನೆಗೆ ಬಾರದು. ಆದುದರಿಂದ ದೃಢೀಕೃತ ನಕಲುಗಳನ್ನು ಒಂದೆರಡು ಹೆಚ್ಚಾಗಿಯೇ ಪಡೆಯುವುದು ಒಳಿತು. ಎಕ್ಸಿಕ್ಯೂಟರನ ಕೆಲಸವೂ ಅಲ್ಲಿಗೆ ಮುಗಿಯುವುದಿಲ್ಲ. ಆರು ತಿಂಗಳೊಳಗೆ ಸ್ವತ್ತಿನ ಪಟ್ಟಿಯನ್ನೂ ಒಂದು ವರ್ಷದೊಳಗೆ ಜಮಾಖರ್ಚನ್ನೂ ನ್ಯಾಯಾಲಯಕ್ಕೆ ಒಪ್ಪಿಸಬೇಕು. ಠೇವಣಿಯ ಹಣವನ್ನು ಮೂವರಿಗೂ ಹಂಚಿ ರಸೀದಿ ಪಡೆದೆ. ದಾನಿಗಳಾದ ವಾಚಕರಿಗೆ ಇಲ್ಲಿಯೇ ಒಂದು ಮಾತು: ಉಯಿಲಿನಲ್ಲಿ ಯಾವುದಾದರೂ ಸಂಸ್ಥೆಗೆ ಹಣ ಬರೆಯುವವರು ‘ನಮ್ಮೂರ ಶಾಲೆಗೆ’ ಎಂದು ಬರೆಯದೆ, ಆ ಸಂಸ್ಥೆಯು ಯಾವ ಹೆಸರಿನಲ್ಲಿ ನೋಂದಣಿಯಾಗಿದೆಯೋ ಆ ಹೆಸರನ್ನೇ ಅಕ್ಷರಶಃ ಬರೆಯಬೇಕು.

ಇಷ್ಟಾದ ಮೇಲೆ ಬಂದುದು ನನ್ನ ತಪ್ಪಿನ ಲೆಕ್ಕ. ಅತ್ತೆಯವರು ಹಿತ್ತಿಲಿನ ಒಂದು ಭಾಗವನ್ನು ಮಾರಿ ಸೋರುವ ಮಾಳಿಗೆಯನ್ನು ಸರಿಪಡಿಸಿಕೊಳ್ಳಬೇಕೆಂದು ನಿಶ್ಚಯಿಸಿದರು. ಕೊಳ್ಳುವವರ ವಕೀಲರು ಪ್ರೊಬೇಟನ್ನು ಓದಿ, ‘ಯಾವಜ್ಜೀವ’ ಎಂಬ ಪದದ ಕೆಳಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು ಕಳುಹಿಸಿದರು. ಬದುಕಿರುವವರೆಗೆ ಅನುಭವಿಸುವ ಹಕ್ಕುಳ್ಳವರು ಮಾರುವುದೆಂತು? ಪ್ರೊಬೇಟು ಕೊಡುವ ನ್ಯಾಯಾಲಯವು ಉಯಿಲು ನಿಜವೋ ಅಲ್ಲವೋ ಎಂಬುದನ್ನಷ್ಟೇ ನೋಡುತ್ತದೆ. ಅದರಿಂದ ಯಾರಿಗೆ ಎಷ್ಟು ಹಕ್ಕು ಬರುವುದೆಂಬುದನ್ನು ನಿರ್ಣಯಿಸುವುದಿಲ್ಲ. 1956ರ ಕಾಯಿದೆಯ 14ನೆಯ ಕಲಮಿನ ಮೊದಲ ಉಪಕಲಮನ್ನೂ ತುಳಸಮ್ಮನವರ 1977ರ ತೀರ್ಪನ್ನೂ ಹಿಡಿದು ಅವರದು ಪೂರ್ಣ ಹಕ್ಕೆಂದು ವಾದಿಸಬಹುದು, ಎರಡನೆಯ ಉಪಕಲಮನ್ನು ಹಿಡಿದು ಅಲ್ಲವೆಂದೂ ವಾದಿಸಬಹುದು, ಅದು ಇನ್ನೊಂದು ದಾವೆ ಎಂದರು ನಮ್ಮ ವಕೀಲರು. ಅತ್ತೆಯವರಿಗೆ ಇದನ್ನು ವಿವರಿಸುವುದು ನನ್ನ ಪಾಲಿಗೆ ಬಂದಿತು. ಅವರು ಕೇಳಿಕೊಂಡು, ‘ನಿಮ್ಮ ಮಾವ ಹೇಳಿದಷ್ಟ ಬರದಿದ್ರ ಸಾಕಾಗಿತ್ತಲ್ಲಪಾ’ ಎಂದರು. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಉಳಿದ ದಾರಿ ಒಂದೇ: ಮಕ್ಕಳು ಮೂವರೂ ತಮಗೆ ಬರಬಹುದಾದ ಹಕ್ಕನ್ನು ತಾಯಿಯ ಹೆಸರಿಗೆ ಬಿಟ್ಟುಕೊಟ್ಟು ಹಕ್ಕು ಬಿಡುಗಡೆ ಪತ್ರವನ್ನು ನೋಂದಾಯಿಸುವುದು. ಹೆಣ್ಣುಮಕ್ಕಳಿಬ್ಬರೂ ಕೇಳಿದ ದಿನವೇ ಒಪ್ಪಿದರು. ಮಗನನ್ನು ಕೇಳಲು ನನಗೆ ಮುಖವಿರಲಿಲ್ಲ; ನ್ಯಾಯಾಲಯದಲ್ಲಿ ಮೂರು ವರ್ಷ ಎದುರು ಬದುರು ಕುಳಿತವರು ನಾವು. ಅತ್ತೆಯವರೇ ಹೇಳಿಕಳುಹಿಸಿದರು. ಸಬ್ ರಿಜಿಸ್ಟ್ರಾರರ ಕಚೇರಿಯ ಪಡಸಾಲೆಗೆ ಅವನು ಬಂದು, ಪತ್ರವನ್ನು ಕೈಗೆ ತೆಗೆದುಕೊಂಡು, ಒಂದೊಂದೇ ಸಾಲನ್ನು ಬೆರಳಿಟ್ಟು ಓದಿದ. ಒಂದೂವರೆ ಪುಟ. ಓದಿ ಮುಗಿಸಿ ನನ್ನ ಕಡೆ ನೋಡಿದ.

‘ಇದನ್ನ ಯಾರು ಬರದಾರ, ಭಾವಾ? ನೀವs ಏನು?’

‘ಅಲ್ಲಪ್ಪ, ವಕೀಲರ ಗುಮಾಸ್ತರು’ ಎಂದೆ.

ಪೆನ್ನು ಕೇಳಿದ. ಸಹಿ ಮಾಡಿದ.